ದಾರಿ ತೋರುವವನ ಪಾಲು

ಒಂದು ಕಾಲದಲ್ಲಿ ನಮ್ಮ ಕುಟುಂಬಗಳಲ್ಲಿ ಮಕ್ಕಳ ಉದ್ಯೋಗದ ಚಿಂತೆ ಒಮ್ಮೆ ಬಂದು ಒಮ್ಮೆಗೇ ಮುಗಿಯುತ್ತಿತ್ತು. ಓದು ಮುಗಿಯಿತು, ಕೆಲಸ ಸಿಕ್ಕಿತು, ಮದುವೆಯೂ ಆಯಿತು ಎಂದರೆ ಹೆತ್ತವರು ನೆಮ್ಮದಿಯ ಉಸಿರು ಬಿಡುತ್ತಿದ್ದರು. ಇಂದು ಹಾಗಲ್ಲ. ಮೂವತ್ತು ದಾಟಿದ ಮಗ, ಎರಡು ಮಕ್ಕಳ ತಾಯಿಯಾದ ಮಗಳು, ಒಂದು ಸಂಜೆ ಊಟಕ್ಕೆ ಕುಳಿತಾಗ, "ನಾನು ಈ ಕೆಲಸ ಬಿಟ್ಟು ಕಂಪ್ಯೂಟರ್ ಕಲಿಯಬೇಕೆಂದಿದ್ದೇನೆ" ಎನ್ನುತ್ತಾರೆ. ಆಗ ಮನೆಯಲ್ಲಿ ಎರಡು ಬಗೆಯ ಮಾತುಗಳು ಕೇಳಿಬರುತ್ತವೆ. "ಕೈಯಲ್ಲಿದ್ದುದನ್ನು ಬಿಟ್ಟು ಹಾರಬೇಡ" ಎನ್ನುವವರು ಕೆಲವರು. "ಎಲ್ಲರೂ ಹೋಗುತ್ತಿದ್ದಾರೆ, ನೀನೂ ಹೋಗು" ಎನ್ನುವವರು ಹಲವರು.

ಈ ಎರಡೂ ಮಾತುಗಳಿಗೆ ಒಂದು ಸಾಮಾನ್ಯ ಗುಣವಿದೆ. ಆಡುವವನಿಗೆ ಅವುಗಳಿಂದ ಯಾವ ಖರ್ಚೂ ಇಲ್ಲ. ಸಲಹೆ ಫಲಿಸದೆ ಹೋದರೆ ನಷ್ಟ ಕೇಳಿದವನದು, ಅವನ ಹೆಂಡತಿ ಮಕ್ಕಳದು. ಆದ್ದರಿಂದ ನಾವು ಕೇಳಿಕೊಳ್ಳಬೇಕಾದ ನೈತಿಕ ಪ್ರಶ್ನೆಯೊಂದಿದೆ: ಬದುಕಿನ ನಡುದಾರಿಯಲ್ಲಿ ಹೊಸ ಉದ್ಯೋಗದತ್ತ ತಿರುಗಲು ಬಯಸುವವನಿಗೆ ದಾರಿ ತೋರಿಸಲು ನಿಂತವನು ಅವನಿಗೆ ಏನನ್ನು ಸಲ್ಲಿಸಬೇಕು? ಎಲ್ಲಿಯವರೆಗೆ ಅವನ ಜೊತೆ ನಡೆಯಬೇಕು? ಎಲ್ಲಿ ನಿಲ್ಲಬೇಕು?

ಎಕಂಬಾದ ಒಬ್ಬ ತರುಣ

ಪ್ರಶ್ನೆ ಗಾಳಿಯಲ್ಲಿ ತೇಲದಿರಲೆಂದು ಅದನ್ನು ಒಂದು ನೆಲದ ಮೇಲೆ ಇಟ್ಟು ನೋಡೋಣ. ಬೀದರ್ ಜಿಲ್ಲೆಯ ಔರಾದ್ ತಾಲೂಕಿನ ಎಕಂಬಾ ಗ್ರಾಮವನ್ನು ಮನಸ್ಸಿಗೆ ತಂದುಕೊಳ್ಳಿ. ಕನ್ನಡದ ಜೊತೆಗೆ ಮರಾಠಿ, ಉರ್ದು, ತೆಲುಗು ಕಿವಿಗೆ ಬೀಳುವ ಗಡಿಸೀಮೆ ಅದು. ಮಳೆಯನ್ನು ನಂಬಿ ಹೆಸರು, ಉದ್ದು, ಸೋಯಾ, ತೊಗರಿ ಬಿತ್ತುವ ನೆಲ. ಡಾ. ಡಿ. ಎಂ. ನಂಜುಂಡಪ್ಪ ಸಮಿತಿಯು 2002ರ ತನ್ನ ವರದಿಯಲ್ಲಿ ಗುರುತಿಸಿದ 114 ಹಿಂದುಳಿದ ತಾಲೂಕುಗಳಲ್ಲಿ ಔರಾದ್ ಸಹ ಸೇರಿದೆ. ಮಳೆ ಕೈಕೊಟ್ಟ ವರ್ಷ ಇಲ್ಲಿನ ಜನ ಹೈದರಾಬಾದಿಗೋ ಪುಣೆಗೋ ಬೆಂಗಳೂರಿಗೋ ಗಂಟುಮೂಟೆ ಕಟ್ಟುತ್ತಾರೆ.

ಇಂಥ ಊರಿನ ಒಬ್ಬ ತರುಣನನ್ನು ಕಲ್ಪಿಸಿಕೊಳ್ಳೋಣ. ಬಿ.ಕಾಂ. ಓದಿದವನು. ಎಂಟು ವರ್ಷಗಳಿಂದ ತಾಲೂಕು ಕೇಂದ್ರದ ಗೊಬ್ಬರದ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತಾನೆ. ಮನೆಯಲ್ಲಿ ವೃದ್ಧ ತಂದೆ ತಾಯಿ, ಹೆಂಡತಿ, ಒಂದು ಮಗು, ಮೂರು ಎಕರೆ ಹೊಲ. ಮಾಹಿತಿ ತಂತ್ರಜ್ಞಾನದಲ್ಲಿ ಅಂಕಿಅಂಶಗಳನ್ನು ಸಂಸ್ಕರಿಸುವ ಕೆಲಸ ಕಲಿಯಬೇಕೆಂಬ ಆಸೆ ಅವನಿಗೆ ಹುಟ್ಟಿದೆ. 371(ಜೆ) ವಿಧಿಯು 2013ರಿಂದ ಈ ಭಾಗದವರಿಗೆ ಸರ್ಕಾರಿ ಹುದ್ದೆಗಳಲ್ಲಿಯೂ ಶಿಕ್ಷಣದಲ್ಲಿಯೂ ಮೀಸಲಾತಿಯನ್ನು ಒದಗಿಸಿದೆ, ನಿಜ. ಆದರೆ ಖಾಸಗಿ ಕಂಪನಿಯ ಬಾಗಿಲಲ್ಲಿ ಆ ವಿಧಿ ನಡೆಯದು. ಅಲ್ಲಿ ಅವನಿಗೆ ಬೇಕಾದದ್ದು ಒಳಗಿನ ರೀತಿನೀತಿ ತಿಳಿದ ಒಬ್ಬ ಮನುಷ್ಯ.

ಕಸುಬು ಬದಲಿಸುವುದು ತಪ್ಪೇ?

ಮೊದಲು ಒಂದು ಸಂಕೋಚವನ್ನು ದಾಟೋಣ. ಹುಟ್ಟಿದ ಊರನ್ನೂ ಕಲಿತ ಕಸುಬನ್ನೂ ಬಿಡುವವನು ಏನೋ ದ್ರೋಹ ಮಾಡುತ್ತಿದ್ದಾನೆ ಎಂಬ ಭಾವನೆ ನಮ್ಮ ಹಿರಿಯರಲ್ಲಿ ಇನ್ನೂ ಇದೆ. ಬೀದರ್ ಜಿಲ್ಲೆಯ ಚರಿತ್ರೆ ಈ ಭಾವನೆಯನ್ನು ಒಪ್ಪುವುದಿಲ್ಲ. ಹನ್ನೆರಡನೆಯ ಶತಮಾನದ ಕಲ್ಯಾಣ, ಇಂದಿನ ಬಸವಕಲ್ಯಾಣ, ಇದೇ ಜಿಲ್ಲೆಯಲ್ಲಿದೆ. ಕಾಶ್ಮೀರದ ಅರಸನೊಬ್ಬ ಸಿಂಹಾಸನವನ್ನು ತೊರೆದು ಅಲ್ಲಿಗೆ ಬಂದು ಸೌದೆಯ ಹೊರೆ ಮಾರಿ ಬದುಕಿದನೆಂದು, ಅವನೇ ಮೋಳಿಗೆ ಮಾರಯ್ಯನೆಂದು ಶರಣ ಪರಂಪರೆ ಹೇಳುತ್ತದೆ. ಆ ನೆಲ ನಮಗೆ ಕೊಟ್ಟ 'ಕಾಯಕ' ಎಂಬ ಪದದ ಅರ್ಥವೇನು? ಕೆಲಸದ ಘನತೆ ಅದನ್ನು ಮಾಡುವ ಪ್ರಾಮಾಣಿಕತೆಯಲ್ಲಿದೆಯೇ ಹೊರತು ಅದು ತಂದೆಯಿಂದ ಬಂದುದೋ ಅಲ್ಲವೋ ಎಂಬುದರಲ್ಲಿ ಅಲ್ಲ.

ಆದ್ದರಿಂದ ಕಸುಬು ಬದಲಿಸುವುದು ತಪ್ಪಲ್ಲ. ಹಾಗೆಂದು ಅದು ತನ್ನಷ್ಟಕ್ಕೆ ತಾನೇ ಪುಣ್ಯವೂ ಅಲ್ಲ. ಮಾರಯ್ಯನ ಕಥೆಯಲ್ಲಿ ಅರಸುತನದಿಂದ ಸೌದೆಯ ಕಡೆಗೆ ನಡೆದದ್ದು 'ಕೆಳಗಿಳಿದದ್ದು' ಅಲ್ಲ. ಹಾಗೆಯೇ ಗೊಬ್ಬರದ ಅಂಗಡಿಯಿಂದ ಕಂಪ್ಯೂಟರಿನ ಕಡೆಗೆ ನಡೆಯುವುದು 'ಮೇಲೇರುವುದು' ಎಂದೂ ಆಗಬೇಕಿಲ್ಲ. ದಾರಿ ತೋರುವವನು ಮೊದಲು ತನ್ನ ಮನಸ್ಸಿನಿಂದ ತೆಗೆದುಹಾಕಬೇಕಾದದ್ದು ಈ ಮೇಲು-ಕೀಳಿನ ಏಣಿಯನ್ನು. ಎದುರಿಗೆ ಕುಳಿತವನನ್ನು 'ಉದ್ಧಾರ' ಮಾಡುತ್ತಿದ್ದೇನೆಂದು ಭಾವಿಸುವವನು ಅವನ ಮಾತನ್ನು ಕಿವಿಗೊಟ್ಟು ಕೇಳಲಾರ.

ಹಳೆಯ ಕೈಯಲ್ಲಿರುವ ಹೊಸ ವಿದ್ಯೆ

ನಮ್ಮ ತರುಣನು ಮಾರ್ಗದರ್ಶಿಯ ಮುಂದೆ ಕುಳಿತು ಹೇಳುವ ಮೊದಲ ಮಾತು ಬಹುಶಃ ಇದು: "ನನಗೆ ಏನೂ ಗೊತ್ತಿಲ್ಲ." ಒಳ್ಳೆಯ ಮಾರ್ಗದರ್ಶಿ ಇದನ್ನು ನಂಬುವುದಿಲ್ಲ. ಅವನು ಕೇಳುತ್ತಾನೆ: "ಅಂಗಡಿಯಲ್ಲಿ ಏನು ಮಾಡುತ್ತೀ?"

ತರುಣನ ಬಳಿ ಎರಡು ಪುಸ್ತಕಗಳಿವೆ. ಒಂದು ಉದ್ರಿಯ ಲೆಕ್ಕದ್ದು, ಇನ್ನೊಂದು ಗೋದಾಮಿನ ದಾಸ್ತಾನಿನದು. ಜೂನ್ ತಿಂಗಳಲ್ಲಿ ಬಿತ್ತನೆಗೆ ಮುಂಚೆ ರೈತರು ಗೊಬ್ಬರವನ್ನು ಉದ್ರಿ ಒಯ್ಯುತ್ತಾರೆ. ಹೆಸರು, ಉದ್ದು ಮಾರಿದ ಮೇಲೆ ತೀರಿಸುತ್ತಾರೆ. ಇಬ್ಬರು ಮಲ್ಲಪ್ಪಂದಿರಿದ್ದರೆ ಅಪ್ಪನ ಹೆಸರನ್ನೋ ಹೊಲದ ಸರ್ವೆ ನಂಬರನ್ನೋ ಬರೆದು ಬೇರ್ಪಡಿಸುತ್ತಾನೆ. ಎರಡೂ ಪುಸ್ತಕಗಳು ತಾಳೆಯಾಗದಿದ್ದಾಗ ರಾತ್ರಿ ಕುಳಿತು ತಪ್ಪಿದ ಚೀಲ ಯಾವುದೆಂದು ಹುಡುಕುತ್ತಾನೆ.

ಇದನ್ನು ಕೇಳಿದ ಮಾರ್ಗದರ್ಶಿ ಅವನಿಗೆ ತೋರಿಸಬೇಕಾದದ್ದು ಇಷ್ಟೇ: ಕಂಪ್ಯೂಟರಿನ ದತ್ತಾಂಶ ಕೋಶವೂ ಇಂಥ ಪುಸ್ತಕಗಳ ಸಮೂಹವೇ. ಅಲ್ಲಿ ಪುಸ್ತಕಕ್ಕೆ 'ಟೇಬಲ್' ಎನ್ನುತ್ತಾರೆ. ಇಬ್ಬರು ಮಲ್ಲಪ್ಪಂದಿರನ್ನು ಬೇರ್ಪಡಿಸುವ ಗುರುತಿಗೆ 'ಪ್ರೈಮರಿ ಕೀ' ಎನ್ನುತ್ತಾರೆ. ಎರಡು ಪುಸ್ತಕಗಳನ್ನು ಆ ಗುರುತಿನ ಮೂಲಕ ಜೋಡಿಸಿ ನೋಡುವುದಕ್ಕೆ 'ಜಾಯಿನ್' ಎನ್ನುತ್ತಾರೆ. ತಾಳೆಯಾಗದ ಸಾಲುಗಳನ್ನು ಹುಡುಕಿ ತೆಗೆಯುವುದು ಆ ಉದ್ಯೋಗದಲ್ಲಿ ದಿನದ ಕೆಲಸ. ಎಸ್‌ಕ್ಯೂಎಲ್ ಎಂಬ ಭಾಷೆಯ ವ್ಯಾಕರಣವನ್ನು ಅವನು ಹೊಸದಾಗಿ ಕಲಿಯಬೇಕು, ಅಂಕಿಅಂಶ ಶಾಸ್ತ್ರದ ಮೊದಲ ಪಾಠಗಳನ್ನೂ ಕಲಿಯಬೇಕು. ಆದರೆ ಆ ಭಾಷೆಯಲ್ಲಿ ಕೇಳಬೇಕಾದ ಪ್ರಶ್ನೆಗಳು ಎಂಟು ವರ್ಷಗಳಿಂದ ಅವನ ಬಳಿ ಇವೆ.

ಇದು ಕೇವಲ ಹುರಿದುಂಬಿಸುವ ಉಪಾಯವಲ್ಲ. ನ್ಯಾಯದ ಮಾತು. ಒಬ್ಬ ಮನುಷ್ಯನ ಎಂಟು ವರ್ಷದ ದುಡಿಮೆಯನ್ನು ಸೊನ್ನೆಯೆಂದು ಬರೆಯುವ ಅಧಿಕಾರ ಯಾರಿಗೂ ಇಲ್ಲ, ಸ್ವತಃ ಅವನಿಗೂ ಇಲ್ಲ.

ನಾಲಿಗೆಯ ಪರೀಕ್ಷೆ

"ಈಗ ಎಲ್ಲವೂ ಮೊಬೈಲಿನಲ್ಲೇ ಸಿಗುತ್ತದಲ್ಲ, ಮಾರ್ಗದರ್ಶಿ ಏಕೆ ಬೇಕು?" ಎಂದು ನೀವು ಕೇಳಬಹುದು. ಸಿಗುತ್ತದೆ, ನಿಜ. ಐಐಟಿಗಳೂ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಸೇರಿ ನಡೆಸುವ ಎನ್‌ಪಿಟಿಇಎಲ್ ಪಾಠಗಳು, ಕೇಂದ್ರ ಸರ್ಕಾರವು 2017ರಲ್ಲಿ ಆರಂಭಿಸಿದ 'ಸ್ವಯಂ' ಜಾಲತಾಣದ ಪಾಠಗಳು ಉಚಿತವಾಗಿಯೇ ಇವೆ. ಪರೀಕ್ಷೆ ಬರೆದು ಪ್ರಮಾಣಪತ್ರ ಪಡೆಯಬೇಕೆಂದರೆ ಮಾತ್ರ ಶುಲ್ಕ ಕಟ್ಟಬೇಕು. ಪಾಠದ ಕೊರತೆ ಇಂದು ಇಲ್ಲ. ಹಾಗಾದರೆ ಕೊರತೆ ಯಾವುದರದು?

ಉತ್ತರವನ್ನು ಬೀದರಿನ ಬಿದರಿ ಕುಶಲಕರ್ಮಿಗಳಿಂದಲೇ ಕೇಳೋಣ. ಸತು ಮತ್ತು ತಾಮ್ರ ಬೆರೆಸಿ ಎರಕ ಹೊಯ್ದ ಪಾತ್ರೆಯ ಮೇಲೆ ಉಳಿಯಿಂದ ಚಿತ್ತಾರ ಕೊರೆದು, ಆ ಗೀರುಗಳಲ್ಲಿ ಬೆಳ್ಳಿಯ ತಂತಿಯನ್ನು ಬಡಿದು ಕೂರಿಸುತ್ತಾರೆ. ಕೊನೆಗೆ ಬೀದರ್ ಕೋಟೆಯ ಮಣ್ಣನ್ನು ನವಸಾಗರದೊಂದಿಗೆ ಕಲಸಿ, ಬಿಸಿ ಮಾಡಿದ ಪಾತ್ರೆಗೆ ತಿಕ್ಕಿದಾಗ ಲೋಹ ಕಪ್ಪಾಗುತ್ತದೆ, ಬೆಳ್ಳಿ ಮಾತ್ರ ಬಿಳಿಯಾಗಿ ಉಳಿಯುತ್ತದೆ. ಯಾವ ಮಣ್ಣು ಈ ಕೆಲಸಕ್ಕೆ ಒದಗುತ್ತದೆ? ಅನುಭವಿ ಕುಶಲಕರ್ಮಿ ಒಂದು ಚಿಟಿಕೆ ಮಣ್ಣನ್ನು ನಾಲಿಗೆಯ ಮೇಲಿಟ್ಟು ಹೇಳುತ್ತಾನೆ. ಆ ರುಚಿಯನ್ನು ಪುಸ್ತಕದಲ್ಲಿ ಬರೆಯಲಾಗದು. ಉಸ್ತಾದನ ಪಕ್ಕದಲ್ಲಿ ಕುಳಿತ ಶಾಗಿರ್ದನು ತಾನೇ ರುಚಿ ನೋಡಿ, ತಪ್ಪಿ, ಮತ್ತೆ ನೋಡಿ ಕಲಿಯಬೇಕು. 2023ರಲ್ಲಿ ಪದ್ಮಶ್ರೀ ಪಡೆದ ಬೀದರಿನ ಶಾಹ್ ರಶೀದ್ ಅಹ್ಮದ್ ಖಾದ್ರಿ ಅವರೂ ಈ ವಿದ್ಯೆಯನ್ನು ತಂದೆಯ ಬಳಿಯೇ ಕಲಿತವರು.

ತಂತ್ರಜ್ಞಾನದ ಕೆಲಸದಲ್ಲಿಯೂ ಇಂಥ 'ನಾಲಿಗೆಯ ಪರೀಕ್ಷೆ'ಗಳಿವೆ. ಪರದೆಯ ಮೇಲೆ ಕೆಂಪು ಅಕ್ಷರದಲ್ಲಿ ದೋಷದ ಸೂಚನೆ ಬಂದಾಗ ಯಾವ ಸಾಲನ್ನು ಮೊದಲು ಓದಬೇಕು? ಯಾವ ತೊಡಕಿನೊಂದಿಗೆ ಇಡೀ ದಿನ ಗುದ್ದಾಡಬೇಕು, ಯಾವುದನ್ನು ಹತ್ತು ನಿಮಿಷದಲ್ಲಿ ಬಲ್ಲವರ ಬಳಿ ಕೇಳಬೇಕು? ಬಂದ ಉತ್ತರ ಸರಿಯೆಂದು ಹೇಗೆ ನಂಬಬೇಕು? ಅನುಭವಿಯೊಬ್ಬನು ವಾರಕ್ಕೊಮ್ಮೆ ಒಂದು ಗಂಟೆ ಪಕ್ಕದಲ್ಲಿ ಕುಳಿತು, ಕಲಿಯುವವನು ಮಾಡಿದ ಕೆಲಸವನ್ನೇ ಇಬ್ಬರೂ ಸಾಲು ಸಾಲಾಗಿ ನೋಡಿದರೆ ಇವು ಅರಿವಾಗುತ್ತವೆ. ಗಮನಿಸಿ: ಆ ಗಂಟೆಯಲ್ಲಿ ಕೀಲಿಮಣೆ ಕಲಿಯುವವನ ಕೈಯಲ್ಲೇ ಇರಬೇಕು. ಅವಸರಪಟ್ಟು ಅದನ್ನು ತನ್ನ ಕಡೆಗೆ ಎಳೆದುಕೊಂಡು "ಹೀಗೆ ಮಾಡು" ಎಂದು ತಾನೇ ಮಾಡಿ ಮುಗಿಸುವ ಉಸ್ತಾದನಿಂದ ಶಾಗಿರ್ದನು ಕಲಿಯುವುದು ಉಸ್ತಾದನ ಚುರುಕುತನವನ್ನು ಮೆಚ್ಚುವುದನ್ನಷ್ಟೇ.

ಇಲ್ಲಿ ನಮ್ಮ ಕುಟುಂಬಗಳ ಹಿರಿಯರು, "ನಮಗೆ ಕಂಪ್ಯೂಟರಿನ ಗಂಧವೇ ಇಲ್ಲ, ನಾವು ಯಾರಿಗೆ ದಾರಿ ತೋರಿಸಲಿ?" ಎನ್ನಬಹುದು. ಅವರಿಗೆ ಕೆ. ಪಿ. ರಾವ್ ಅವರ ಉದಾಹರಣೆಯನ್ನು ನೆನಪಿಸುತ್ತೇನೆ. ಮುದ್ರಣದ ಅಕ್ಷರಜೋಡಣೆಯ ಕ್ಷೇತ್ರದಲ್ಲಿ ದುಡಿದ ಅವರು ಕಂಪ್ಯೂಟರಿನಲ್ಲಿ ಕನ್ನಡ ಬರೆಯುವ ದಾರಿಯನ್ನು ತೆರೆದರು. ನಮ್ಮ ಮಕ್ಕಳು ಬಳಸುವ 'ನುಡಿ'ಯ ಕೀಲಿಮಣೆಗೆ ಅವರ ವಿನ್ಯಾಸವೇ ಆಧಾರ. ವ್ಯಂಜನಕ್ಕೆ ಸ್ವರ ಸೇರಿ ಗುಣಿತಾಕ್ಷರವಾಗುವ ನಮ್ಮ ಲಿಪಿಯ ಕ್ರಮವನ್ನೇ ಅವರು ಕೀಲಿಗಳಿಗೆ ಇಳಿಸಿದರು. ತಮ್ಮ ಕನ್ನಡ ತಂತ್ರಾಂಶಕ್ಕೆ ಅವರು ಇಟ್ಟ ಹೆಸರು 'ಸೇಡಿಯಾಪು'. ಆ ಹೆಸರು ಸೇಡಿಯಾಪು ಕೃಷ್ಣ ಭಟ್ಟರದು. ಭಟ್ಟರು ಛಂದಸ್ಸು, ವ್ಯಾಕರಣಗಳ ವಿದ್ವಾಂಸರು, ಮಂಗಳೂರಿನ ಸಂತ ಅಲೋಷಿಯಸ್ ಸಂಸ್ಥೆಯಲ್ಲಿ ಕನ್ನಡ ಕಲಿಸಿದವರು. ಕಂಪ್ಯೂಟರ್ ಅವರ ಕ್ಷೇತ್ರವಾಗಿರಲಿಲ್ಲ. ಆದರೂ ಹೊಸ ಯಂತ್ರದ ಒಳಗೆ ಕನ್ನಡವನ್ನು ಕೂರಿಸಿದವರು ತಮ್ಮ ಕೆಲಸಕ್ಕೆ ಭಾಷೆಯ ಪಂಡಿತರ ಹೆಸರನ್ನಿಟ್ಟರು. ತಂತ್ರ ಗೊತ್ತಿಲ್ಲದ ಹಿರಿಯರೂ ಶಿಸ್ತನ್ನು, ವಿಷಯದ ಆಳವನ್ನು, ತಾಳ್ಮೆಯನ್ನು ಕಲಿಸಬಲ್ಲರು. ತಂತ್ರವನ್ನು ಬಲ್ಲ ಇನ್ನೊಬ್ಬರ ಬಳಿಗೆ ಕೈಹಿಡಿದು ಕರೆದೊಯ್ಯಲೂ ಬಲ್ಲರು.

ಕಹಿಯಾದರೂ ಹೇಳಬೇಕಾದದ್ದು

ಮಾರ್ಗದರ್ಶಿಯ ಕೆಲಸದಲ್ಲಿ ಅತ್ಯಂತ ಕಠಿಣವಾದದ್ದು ಸತ್ಯ ನುಡಿಯುವುದು. ಆಸೆಯಿಂದ ಬಂದವನ ಮುಖ ಬಾಡುವುದನ್ನು ನೋಡಲು ಯಾರಿಗೂ ಇಷ್ಟವಿಲ್ಲ. ಆದರೂ ಹೇಳಬೇಕು.

ಮೊದಲನೆಯ ಸತ್ಯ: ಈ ಕ್ಷೇತ್ರವೂ ಸ್ಥಿರವಲ್ಲ. 2022ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಬಂದ ಮೇಲೆ, ಹೊಸಬರಿಗೆ ಮೀಸಲೆಂಬಂತಿದ್ದ ಎಷ್ಟೋ ಸಣ್ಣ ಕೆಲಸಗಳನ್ನು ಯಂತ್ರವೇ ಮಾಡಿಕೊಡತೊಡಗಿದೆ. ದೇಶದ ಬಹುದೊಡ್ಡ ಸಾಫ್ಟ್‌ವೇರ್ ಸಂಸ್ಥೆಯಾದ ಟಿಸಿಎಸ್, ತನ್ನ ನೌಕರರಲ್ಲಿ ಸುಮಾರು ಶೇಕಡ 2ರಷ್ಟು, ಅಂದರೆ 12,000ಕ್ಕೂ ಹೆಚ್ಚು ಮಂದಿಯನ್ನು ಕಡಿಮೆ ಮಾಡುವುದಾಗಿ 2025ರ ಜುಲೈಯಲ್ಲಿ ಪ್ರಕಟಿಸಿತು. ಹತ್ತು ವರ್ಷದ ಹಿಂದೆ ಬೆಂಗಳೂರಿಗೆ ಹೋಗಿ ನೆಲೆಯೂರಿದವನು, "ನಾನು ಹೀಗೆ ಬಂದೆ, ನೀನೂ ಹೀಗೆಯೇ ಬಾ" ಎಂದರೆ ಆ ದಾರಿ ಈಗ ಅಲ್ಲಿ ಇರುವುದೆಂಬ ಖಾತರಿಯಿಲ್ಲ. ತಾನು ನಡೆದ ದಾರಿ ಹಳತಾಗಿದೆಯೆಂದು ಒಪ್ಪಿಕೊಳ್ಳುವುದೂ ಮಾರ್ಗದರ್ಶಿಯ ಪ್ರಾಮಾಣಿಕತೆಯೇ.

ಎರಡನೆಯದು: ಹಣ ಕಟ್ಟಿದರೆ ಕೆಲಸ ಕೊಡಿಸುತ್ತೇವೆ ಎನ್ನುವವರನ್ನು ನಂಬಬಾರದು. ನೇಮಿಸಿಕೊಳ್ಳುವವನು ಸಂಬಳ ಕೊಡುತ್ತಾನೆಯೇ ಹೊರತು ಠೇವಣಿ ಕೇಳುವುದಿಲ್ಲ. ಮಗನ 'ಕೋರ್ಸಿ'ಗಾಗಿ ಹೊಲವನ್ನು ಅಡವಿಟ್ಟ ಮೇಲೆ ಕಣ್ಣು ತೆರೆದರೆ ಫಲವಿಲ್ಲ.

ಮೂರನೆಯದು: ಇದ್ದ ಕೆಲಸವನ್ನು ಕೂಡಲೇ ಬಿಡಬಾರದು. ಆರು ತಿಂಗಳು ಸಂಜೆಯ ಹೊತ್ತು ಕಲಿತು, ತನ್ನ ಅಂಗಡಿಯ ಲೆಕ್ಕವನ್ನೇ, ಅಂಗಡಿಯ ಯಜಮಾನನ ಒಪ್ಪಿಗೆ ಪಡೆದು ರೈತರ ಹೆಸರುಗಳನ್ನು ಮರೆಮಾಡಿ, ಕಂಪ್ಯೂಟರಿಗೆ ಇಳಿಸಿ ನೋಡಲಿ. ಆ ಕೆಲಸ ಅವನ ಮನಸ್ಸಿಗೆ ಹಿಡಿಸುತ್ತದೆಯೋ, ಅಥವಾ ಅವನಿಗೆ ಬೇಕಾದದ್ದು ಕೆಲಸವಲ್ಲ, ನಗರವೋ ಎಂಬುದು ಅವನಿಗೇ ತಿಳಿಯುತ್ತದೆ. ಸಂತ ಪೌಲರು ತಮ್ಮ ಹೊಸ ಕರೆಯನ್ನು ಕೈಗೊಂಡ ಮೇಲೂ ಗುಡಾರ ಮಾಡುವ ಹಳೆಯ ಕಸುಬನ್ನು ಬಿಡಲಿಲ್ಲ. ಕೊರಿಂಥದಲ್ಲಿ ಅದರಿಂದಲೇ ದುಡಿದು ಉಂಡರು.

ಇಷ್ಟು ಹೇಳಿದ ಮೇಲೆ ಮೌನವಾಗಿರಬೇಕಾದ ಒಂದು ಜಾಗವಿದೆ. "ಹೋಗಲೇ, ಬೇಡವೇ?" ಎಂದು ಅವನು ಕೇಳುತ್ತಾನೆ. ಉತ್ತರ ಕೊಡುವ ಆಸೆ ನಮ್ಮಲ್ಲಿ ಬಲವಾಗಿರುತ್ತದೆ. ಆದರೆ ರಾತ್ರಿ ಮಗುವಿನ ಪಕ್ಕದಲ್ಲಿ ನಿದ್ದೆ ಬಾರದೆ ಮಲಗುವವನು ಅವನು, ನಾವಲ್ಲ. ಬೆಲೆ ತೆರುವವನೇ ನಿರ್ಣಯ ಮಾಡಬೇಕು. ಅವನು ನಿರ್ಣಯಿಸಲು ಬೇಕಾದ ಬೆಳಕನ್ನು ಕೊಡಬಹುದು, ಅವನ ಮತ್ತು ಅವನ ಹೆಂಡತಿಯ ಬದಲಿಗೆ ನಿರ್ಣಯಿಸಲಾಗದು.

ಹೆಸರನ್ನು ಸಾಲ ಕೊಡುವುದು

ಹಾಗಾದರೆ ಮಾರ್ಗದರ್ಶಿಯು ಯಾವ ಅಪಾಯವನ್ನೂ ಹೊರದೆ ದಡದಲ್ಲೇ ನಿಲ್ಲಬಹುದೇ? ಇಲ್ಲ. ನಿರ್ಣಯವನ್ನು ಹಂಚಿಕೊಳ್ಳಲಾಗದಿದ್ದರೂ ಅಪಾಯದಲ್ಲಿ ಒಂದು ಪಾಲನ್ನು ಹೊರಲು ಸಾಧ್ಯ. ಬಾರ್ನಬರನ್ನು ನೆನೆಯಿರಿ. ಕ್ರೈಸ್ತರನ್ನು ಹಿಂಸಿಸುತ್ತಿದ್ದ ಸೌಲನು ಮನಪರಿವರ್ತನೆಯಾಗಿ ಜೆರುಸಲೇಮಿಗೆ ಬಂದಾಗ ಶಿಷ್ಯರೆಲ್ಲ ಅಂಜಿ ದೂರ ಸರಿದರು. ಬಾರ್ನಬರು ಅವನನ್ನು ಕರೆದುಕೊಂಡು ಹೋಗಿ ಪ್ರೇಷಿತರ ಮುಂದೆ ನಿಲ್ಲಿಸಿ, ತಮ್ಮ ಮಾತಿನಿಂದ ಹೊಣೆ ಹೊತ್ತರು. ಸೌಲನು ಮೋಸಗಾರನಾಗಿದ್ದಿದ್ದರೆ ಬಾರ್ನಬರ ಹೆಸರೂ ಮಣ್ಣುಪಾಲಾಗುತ್ತಿತ್ತು. ಮುಂದೆ ತಾವೇ ತಾರ್ಸಕ್ಕೆ ಹೋಗಿ ಅವನನ್ನು ಹುಡುಕಿ ಕರೆತಂದು ಅಂತಿಯೋಕ್ಯದಲ್ಲಿ ಇಡೀ ಒಂದು ವರ್ಷ ಜೊತೆಗೂಡಿ ದುಡಿದರು.

ಇಂದಿನ ಕಂಪನಿಗಳಲ್ಲಿ ಒಳಗಿರುವವರ ಶಿಫಾರಸಿಗೆ ಬೆಲೆಯಿದೆ. ಇಲ್ಲಿ ಒಂದು ಸೂಕ್ಷ್ಮವನ್ನು ಅರಿಯಬೇಕು. ವಶೀಲಿ ಬೇರೆ, ಸಾಕ್ಷ್ಯ ಬೇರೆ. "ಇವನು ನಮ್ಮವನು, ತೆಗೆದುಕೊಳ್ಳಿ" ಎನ್ನುವುದು ವಶೀಲಿ. ಅದು ಯಾರೂ ಇಲ್ಲದ ಇನ್ನೊಬ್ಬ ಬಡ ತರುಣನಿಗೆ ಮಾಡುವ ಅನ್ಯಾಯ. "ಇವನ ಕೆಲಸವನ್ನು ಆರು ತಿಂಗಳು ನಾನು ಕಣ್ಣಾರೆ ಕಂಡಿದ್ದೇನೆ. ಇಷ್ಟು ಬಲ್ಲ, ಇಷ್ಟು ಇನ್ನೂ ಕಲಿಯಬೇಕು. ಪರೀಕ್ಷಿಸಿ ನೋಡಿ" ಎನ್ನುವುದು ಸಾಕ್ಷ್ಯ. ಕಂಡದ್ದನ್ನಷ್ಟೇ ಹೇಳುವವನು ಸಾಕ್ಷಿ. ಆದ್ದರಿಂದ ಇಲ್ಲದ ಅನುಭವವನ್ನು ಇದೆಯೆಂದು ತೋರಿಸುವ ಸುಳ್ಳು ಪ್ರಮಾಣಪತ್ರಕ್ಕೆ ಮಾರ್ಗದರ್ಶಿ ಎಂದೂ ಕೈಜೋಡಿಸಬಾರದು. ಸುಳ್ಳಿನ ಮೇಲೆ ದೊರೆತ ಕೆಲಸದಲ್ಲಿ ಪ್ರತಿದಿನವೂ ಅಂಜಿಕೆ. ಎಂಟು ವರ್ಷ ಒಂದು ಚೀಲದ ಲೆಕ್ಕವನ್ನೂ ತಪ್ಪಿಸದವನಿಗೆ ಸುಳ್ಳು ಹೇಳುವುದನ್ನು ಕಲಿಸಿದರೆ, ಅವನ ಬಳಿಯಿದ್ದ ಅತ್ಯುತ್ತಮ ಬಂಡವಾಳವನ್ನೇ ನಾವು ಕಳೆದಂತೆ.

ಹಿಂದೆ ಸರಿಯುವ ವಿದ್ಯೆ

ಪ್ರೇಷಿತರ ಕಾರ್ಯಕಲಾಪಗಳನ್ನು ಗಮನವಿಟ್ಟು ಓದಿದವರಿಗೆ ಒಂದು ಸಂಗತಿ ಕಾಣುತ್ತದೆ. ಆರಂಭದಲ್ಲಿ 'ಬಾರ್ನಬ ಮತ್ತು ಸೌಲ' ಎಂದಿದ್ದುದು ಮುಂದೆ 'ಪೌಲ ಮತ್ತು ಬಾರ್ನಬ' ಎಂದಾಗುತ್ತದೆ. ಹೆಸರಿನ ಕ್ರಮ ಬದಲಾದುದಕ್ಕೆ ಬಾರ್ನಬರು ಮುನಿದರೆಂದು ಎಲ್ಲಿಯೂ ಇಲ್ಲ. ಗ್ರೀಸಿನ ಸಾಕ್ರಟೀಸನೂ ತನ್ನನ್ನು ಸೂಲಗಿತ್ತಿಗೆ ಹೋಲಿಸಿಕೊಂಡಿದ್ದನು. ಹೆರಿಗೆ ಮಾಡಿಸುವವಳು ಕೂಸನ್ನು ತನ್ನದೆನ್ನುವುದಿಲ್ಲ. ನಮ್ಮ ನಾಡಿನಲ್ಲೇ, ಪಾವಗಡದ ಸೂಲಗಿತ್ತಿ ನರಸಮ್ಮನವರು ಸಾವಿರಾರು ಹೆರಿಗೆಗಳನ್ನು ಮಾಡಿಸಿ 2018ರಲ್ಲಿ ಪದ್ಮಶ್ರೀ ಪಡೆದರು. ಪ್ರತಿ ಸಲವೂ ಕೂಸನ್ನು ತಾಯಿಯ ಮಡಿಲಿಗಿಟ್ಟು ಹೊರಡುವುದೇ ಆ ಕಾಯಕದ ರೀತಿ.

ತರುಣನು ಹೈದರಾಬಾದಿನಲ್ಲಿ ಕೆಲಸ ಹಿಡಿದು ಮಾರ್ಗದರ್ಶಿಯನ್ನೇ ಮೀರಿ ಬೆಳೆದರೆ ಸಂತೋಷ. ಆರು ತಿಂಗಳ ಬಳಿಕ, "ಇದು ನನಗಲ್ಲ, ನಾನು ಇಲ್ಲೇ ಇರುತ್ತೇನೆ" ಎಂದು ನಿರ್ಧರಿಸಿ, ಕಲಿತದ್ದನ್ನು ಅಂಗಡಿಯ ಲೆಕ್ಕಕ್ಕೆ ಬಳಸಿದರೂ ಅದು ಸೋಲಲ್ಲ. ಅವನು ಕಣ್ಣು ತೆರೆದು ಆರಿಸಿಕೊಂಡನೇ ಎಂಬುದೇ ಅಳತೆಗೋಲು. ಎಷ್ಟು ದೂರ ಹೋದ, ಎಷ್ಟು ಸಂಬಳ ತಂದ ಎಂಬುದಲ್ಲ.

ಪ್ರಿಯ ಓದುಗರೇ, ನಿಮ್ಮ ಧರ್ಮಕೇಂದ್ರದ ಕುಟುಂಬಗಳಲ್ಲಿ ಬೆಂಗಳೂರು, ಹೈದರಾಬಾದು, ಪುಣೆಗಳಲ್ಲಿ ದುಡಿಯುವವರು ಇರಬಹುದು. ಹಬ್ಬಕ್ಕೆ ಊರಿಗೆ ಬಂದಾಗ ಅವರು ತರುವ ಉಡುಗೊರೆಗಳಿಗೆ ನಾವು ಸಂತೋಷಪಡುತ್ತೇವೆ. ಈ ಸಲ ಅವರಿಂದ ಇನ್ನೊಂದನ್ನು ಕೇಳಿ: ಊರಿನ ಒಬ್ಬ ತರುಣನಿಗೆ ಅಥವಾ ತರುಣಿಗೆ ವಾರಕ್ಕೆ ಒಂದು ಗಂಟೆ, ಫೋನಿನ ಮೂಲಕವಾದರೂ ಸರಿ, ಆರು ತಿಂಗಳು. ಊರಿನಲ್ಲಿರುವವರು ಸಂಜೆ ಎರಡು ಗಂಟೆ ಗಲಾಟೆಯಿಲ್ಲದ ಒಂದು ಕೋಣೆಯನ್ನು, ಬಳಸದೆ ಇಟ್ಟಿರುವ ಒಂದು ಕಂಪ್ಯೂಟರನ್ನು ಕೊಡಬಹುದು. ಮಗುವನ್ನು ಆ ಎರಡು ಗಂಟೆ ಅಜ್ಜಿ ನೋಡಿಕೊಂಡರೆ ತಾಯಿಯೂ ಕಲಿಯಬಲ್ಲಳು. ಸಲಹೆ ಕೊಡಲು ನಮಗೆ ಯಾವಾಗಲೂ ಸಮಯವಿರುತ್ತದೆ. ಇನ್ನು ಮುಂದೆ ಯಾರಾದರೂ "ಏನು ಮಾಡಲಿ?" ಎಂದು ನಮ್ಮ ಬಳಿ ಬಂದಾಗ, ಉತ್ತರಿಸುವ ಮುನ್ನ ನಾವು ನಮ್ಮನ್ನೇ ಕೇಳಿಕೊಳ್ಳೋಣ: ಇವರ ಹೊರೆಯಲ್ಲಿ ನನ್ನ ಪಾಲು ಎಷ್ಟು?